ಹದಿನಾಲ್ಕನೆಯ ಪ್ರಶ್ನೆ

ಸೈಲೀಸಿಯದ ಈ ಊರಲ್ಲಿ ನವೆಂಬರಿಗೆ ಒಂದು ರುಚಿಯಿದೆ,
ನಾಲಗೆಯ ತುದಿಗೆ ಅಂಟುವ ಗಂಧಕದ ರುಚಿ.
ಬೀದಿದೀಪಗಳು ಮೂರೂವರೆಗೇ ಹೊತ್ತಿ
ಹಳದಿ ಹತ್ತಿಯ ಉಂಡೆಗಳಾಗುತ್ತವೆ.
ಗುರುತುಚೀಟಿ ಕೊರಳಿಗೆ ಹಾಕಿಕೊಂಡು
ಮನೆಮನೆಯ ಗಂಟೆ ಒತ್ತುತ್ತೇನೆ.
ಒಂದು ಮನೆಗೆ ಹನ್ನೊಂದು ಜ್ಲೋಟಿ.
ಬಾಗಿಲು ತೆರೆಯದಿದ್ದರೆ ಸೊನ್ನೆ.

ಹವಾಮಾನದ ಬಗ್ಗೆ ನಿಮಗೆ ಚಿಂತೆಯಿದೆಯೇ?
ಇದು ಮೂರನೆಯ ಪ್ರಶ್ನೆ, ಎಲ್ಲರಿಗೂ ಇಷ್ಟದ್ದು.
ಇದೆ, ಇಲ್ಲದೆ ಏನು, ಬಹಳ ಇದೆ,
ಅಡಿಗೆರೆ ಎಳೆದು ಬರೆದುಕೊಳ್ಳಿ,
ಆಗಸ್ಟಿನಲ್ಲಿ ನದಿ ನೋಡಿದಿರಾ, ಮೊಣಕಾಲೂ ಮುಳುಗಲಿಲ್ಲ,
ಮೊಮ್ಮಗಳ ಜಾರುಬಂಡಿ ಗೋಡೆಗೆ
ತೂಗುಹಾಕಿದ್ದು ಹಾಕಿದಂತೆಯೇ ಇದೆ.
ಹೇಳುತ್ತಾ ಹೇಳುತ್ತಾ ಚಹಾ ಬರುತ್ತದೆ,
ಗಸಗಸೆ ತುಂಬಿದ ಕೇಕಿನ ತುಂಡು ಬರುತ್ತದೆ.

ಹದಿನಾಲ್ಕನೆಯದಕ್ಕೆ ಬರುವಾಗ ಚಹಾ ಆರಿರುತ್ತದೆ:
ಕಳೆದ ಹನ್ನೆರಡು ತಿಂಗಳಲ್ಲಿ ನೀವು ಏನು ಮಾಡಿದಿರಿ?
ಎರಡು ಖಾಲಿ ಗೆರೆ.
ಪ್ರತಿ ಮನೆಯಲ್ಲೂ ಒಂದು ಗಡಿಯಾರ ಇದ್ದೇ ಇರುತ್ತದೆ,
ಅದು ಆಗ ಕೇಳಿಸುತ್ತದೆ.

ಬಟ್ಟೆಚೀಲ ಕೊಂಡೆ, ಎಂದಳು ವ್ಯೊಲೆಟ್ಟಾ.
ಎಷ್ಟು?
ಹದಿನೇಳು.
ಮೊದಲು ಚೀನಾವನ್ನು ಕೇಳಿಕೊಂಡು ಬನ್ನಿ, ಎಂದ ಸೆವೆರಿನ್;
ನನ್ನ ಬಸ್ ಪಾಸು ಅಷ್ಟು ದೂರ ನಡೆಯುವುದಿಲ್ಲ.

ಜಿಗ್‌ಫ್ರಿಡ್ ಮಾತ್ರ ನನ್ನನ್ನು ಮಾಳಿಗೆಗೆ ಹತ್ತಿಸಿದ,
ಪಾರಿವಾಳದ ಗೂಡಿನ ಹತ್ತಿರ.
ಮೂವತ್ತೊಂದು ವರ್ಷ ನೆಲದಡಿ ದುಡಿದವನು ನಾನು,
ನನಗೆ ಆಕಾಶದ ಪ್ರಶ್ನೆ ಕೇಳುತ್ತೀಯಲ್ಲ.
ಜುಲೈ ಪಂದ್ಯಕ್ಕೆ ನಲವತ್ತು ಬಿಟ್ಟೆ, ಬಂದದ್ದು ಹದಿಮೂರು.
ಉಳಿದವು ಬಿಸಿಲಿಗೆ ದಾರಿ ಮರೆತವು.
ಕಣ್ಣು ಒದ್ದೆಯಾಗಿದ್ದವು, ಅದು ನಟನೆಯಲ್ಲ.
ಕೆಳಗೆ ಅಂಗಳದಲ್ಲಿ, ಹೊಸ ಟಾರ್ಪಾಲಿನಡಿ,
ಪಿಂಚಣಿಯ ಜೊತೆ ಗಣಿ ಕೊಡುವ ಎರಡು ಟನ್ ಕಲ್ಲಿದ್ದಲು.
ಬಿಟ್ಟಿ ಅಂದುಕೊಂಡೆಯಾ? ಅದರಲ್ಲಿ
ನನ್ನ ಶ್ವಾಸಕೋಶದ ಪಾಲೂ ಇದೆ.
ಗೆರೆಯ ಮೇಲೆ ನಾನು ಏನೂ ಬರೆಯಲಿಲ್ಲ.

ಕೊನೆಯ ಮನೆ ಓತಿಲಿಯಾಳದು.
ಒಂದೇ ಕೋಣೆಗೆ ಬೆಂಕಿ; ಉಳಿದ ಬಾಗಿಲುಗಳ ಸಂದಿಗೆ
ತುರುಕಿದ ಹಳೆಯ ಕಂಬಳಿ.
ತೊಳೆದ ಮೊಸರಿನ ಡಬ್ಬಿಗಳಲ್ಲಿ ಸಬ್ಬಸಿಗೆ ಸಸಿ.
ಕಾರು ಎಂದೂ ಇರಲಿಲ್ಲ. ಸಮುದ್ರ ನೋಡಿಲ್ಲ.
ಚಿಂತೆಯಾ? ಇಲ್ಲ, ಹಾಕು ಸೊನ್ನೆ.
ನಾನು ತಡೆಯಲಾರದೆ ಅಂದೆ:
ಅಜ್ಜಿ, ಈ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾಡಿದವರು ನೀವೇ.
ಗುರಾಯಿಸಿದಳು.
ಹಸಿದವಳ ಉಪವಾಸಕ್ಕೆ ವ್ರತದ ಹೆಸರಿಡಬೇಡ ಹುಡುಗಿ.
ದುಡ್ಡಿದ್ದಿದ್ದರೆ ನಾನೂ ನಾಲ್ಕು ಕೋಣೆ ಕಾಯಿಸಿ
ಬರಿಯ ಅಂಗಿಯಲ್ಲಿ ಓಡಾಡುತ್ತಿದ್ದೆ.

ಒಂಬತ್ತು ಮನೆ, ಎಂಟು ಚಿಂತೆ.
ನನ್ನನ್ನು ಯಾರೂ ಕೇಳುವುದಿಲ್ಲ,
ಈ ಕೆಲಸದಲ್ಲಿರುವ ಸುಖ ಅದೊಂದೇ.

ನನ್ನ ಮೇಜಿನ ಎರಡನೆಯ ಖಾನೆಯಲ್ಲಿ
ಕೆಟ್ಟ ಟಾರ್ಚು, ಯಾರದೋ ಮದುವೆಯ ಕರೆಯೋಲೆ,
ಅದರಡಿಗೆ ಒಲೆ ಬದಲಿಸಲು ಪುರಸಭೆಯ ಸಹಾಯಧನದ ಅರ್ಜಿ.
ಏಳು ಪುಟ. ಆರು ತುಂಬಿದ್ದೇನೆ.
ಏಳನೆಯದಕ್ಕೆ ಕೆಳಮನೆಯ ಅಣ್ಣನ ಸಹಿ ಬೇಕು.
ಅಮ್ಮನನ್ನು ಮಣ್ಣು ಮಾಡಿದ ದಿನದಿಂದ
ಅವನಿಗೂ ನನಗೂ ಮಾತಿಲ್ಲ.
ಭೂಮಿಯೆಂಬ ಭೂಮಿ ನಿಂತಿರುವುದು
ಅವನ ಕದ ತಟ್ಟಬೇಕಾದ ನನ್ನ ಬೆರಳ ಗೆಣ್ಣಿನ ಮೇಲೆ
ಎಂದರೆ ಅದು ಸುಳ್ಳು.
ಸುಳ್ಳೆಂದು ಗೊತ್ತಿರುವ ನೆಮ್ಮದಿಯಲ್ಲೇ
ಮೂರು ಚಳಿಗಾಲ ಕಳೆದೆ.

ಇವತ್ತು ಬಕೀಟು ಹಿಡಿದು ನೆಲಮಾಳಿಗೆಗೆ ಇಳಿದರೆ
ಅಣ್ಣನೂ ಬಕೀಟು ಹಿಡಿದು ನಿಂತಿದ್ದ.
ಒಂದೇ ರಾಶಿ, ಎರಡು ಸಲಿಕೆ.
ಚಳಿ, ಎಂದೆ.
ಹೂಂ, ಎಂದ. ಸ್ವಲ್ಪ ಹೊತ್ತು ಬಿಟ್ಟು: ಚಳಿಯೇ.
ಏಳನೆಯ ಪುಟ ಮೇಲೆ ಖಾನೆಯಲ್ಲೇ ಇತ್ತು.

ಒಲೆ ಹೊತ್ತಿಸಿ ಕಿಟಕಿಗೆ ಬಂದೆ.
ಮೊದಲ ಹೊಗೆ ಯಾವಾಗಲೂ ಕಪ್ಪು.
ಅದರಾಚೆ, ಎದುರು ಮಾಳಿಗೆಯ ಮೇಲೆ,
ಬಟಾಣಿಯ ಡಬ್ಬಿ ಕುಲುಕುತ್ತಾ ಸಿಳ್ಳೆ ಹಾಕುತ್ತಿದ್ದ ಜಿಗ್‌ಫ್ರಿಡ್,
ಜುಲೈಯಲ್ಲಿ ಹೋದ ಹಕ್ಕಿಗಳಿಗೆ.